ಡೈರಿ ಲೆಕ್ಕಕ್ಕೆ ಒಂದೇ ಫೈಲು: ಎಸ್‌ಕ್ಯೂಲೈಟ್ ಹೊಂದಿಸಿಕೊಳ್ಳುವ ಬಗೆ

ಹಳ್ಳಿ ಡೈರಿಯ ಹಾಲಿನ ಲೆಕ್ಕವನ್ನು ವೆಬ್ ಆ್ಯಪ್‌ಗೆ ತರುವ ಕೆಲಸ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಗಾಗ ಹುಟ್ಟಿಕೊಳ್ಳುತ್ತದೆ. ಕೆಲಸ ಸಿಕ್ಕ ಕೂಡಲೇ ಚರ್ಚೆ ಶುರುವಾಗುವುದು ಡೇಟಾಬೇಸ್ ಸರ್ವರ್ ಯಾವುದು, ತಿಂಗಳ ಬಾಡಿಗೆ ಎಷ್ಟು ಎಂಬಲ್ಲಿಂದ. ಅದಕ್ಕೂ ಮೊದಲು ಒಂದು ಹಾಳೆಯ ಮೇಲೆ ಗುಣಾಕಾರ ಮಾಡಿ ನೋಡಬೇಕು. ಸಂಘದಲ್ಲಿ 200 ಜನ ಹಾಲು ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಬೆಳಗ್ಗೆ ಒಂದು, ಸಂಜೆ ಒಂದು ನಮೂದು, ವರ್ಷಕ್ಕೆ 365 ದಿನ: 1,46,000 ಸಾಲು. ಸದಸ್ಯರ ನಂಬರು, ತಾರೀಕು, ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ ಎಲ್ಲ ಸೇರಿ ಒಂದು ಸಾಲಿಗೆ ಇಂಡೆಕ್ಸ್ ಸಮೇತ 100 ಬೈಟ್ ಹಿಡಿದರೂ ವರ್ಷಕ್ಕೆ 15 ಎಂಬಿ ಆಗುವುದಿಲ್ಲ. ಹತ್ತು ವರ್ಷದ ಲೆಕ್ಕ ಮೊಬೈಲಿನ ಒಂದು ವಿಡಿಯೋದಷ್ಟು ಜಾಗವನ್ನೂ ಕೇಳುವುದಿಲ್ಲ. ಬರೆಯುವ ವೇಗವೂ ಅಷ್ಟೇ: ಎರಡು ಗಂಟೆಯೊಳಗೆ 200 ಜನರೂ ಬಂದು ಹೋದರೆ 36 ಸೆಕೆಂಡಿಗೆ ಒಂದು ನಮೂದು.

ಇಷ್ಟು ಕೆಲಸಕ್ಕೆ ಬೇರೆ ಸರ್ವರ್ ಬೇಕಿಲ್ಲ. ಆ್ಯಪ್ ಓಡುವ ಯಂತ್ರದಲ್ಲೇ ಒಂದು ಎಸ್‌ಕ್ಯೂಲೈಟ್ ಫೈಲ್ ಸಾಕು; ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವ ತಂತ್ರಾಂಶ ಅದು. ದಿನಕ್ಕೆ 1 ಲಕ್ಷ ಹಿಟ್‌ಗಿಂತ ಕಡಿಮೆ ಇರುವ ಸೈಟುಗಳಿಗೆ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕಾಗುತ್ತದೆ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಅದು ಹುಟ್ಟಿದ ಕಾರಣವೂ ಇಲ್ಲಿಗೆ ಹೊಂದುತ್ತದೆ. ರಿಚರ್ಡ್ ಹಿಪ್ ಅಮೆರಿಕದ ನೌಕಾಪಡೆಯ ಹಡಗಿಗಾಗಿ ಒಂದು ಪ್ರೋಗ್ರಾಂ ಬರೆಯುತ್ತಿದ್ದರು. ಡೇಟಾಬೇಸ್ ಸರ್ವರ್ ಬಿದ್ದಾಗಲೆಲ್ಲ ಪ್ರೋಗ್ರಾಂ ಕೂಡ ನಿಲ್ಲುತ್ತಿತ್ತು. ಸರ್ವರೇ ಇಲ್ಲದ ಡೇಟಾಬೇಸ್ ಮಾಡಿದರೆ ಬೀಳಲು ಏನೂ ಇರುವುದಿಲ್ಲ ಎಂಬ ಯೋಚನೆಯಿಂದ 2000ರಲ್ಲಿ ಮೊದಲ ಆವೃತ್ತಿ ಬಂತು. ಅದರ ಕೋಡ್ ಪಬ್ಲಿಕ್ ಡೊಮೈನ್‌ನಲ್ಲಿದೆ. ಲೈಸೆನ್ಸ್ ಶುಲ್ಕದ ಪ್ರಶ್ನೆಯೇ ಇಲ್ಲ.

ಆದರೆ ಎಸ್‌ಕ್ಯೂಲೈಟ್ ಇದ್ದಂತೆಯೇ ಬಳಸಿದರೆ ಕೆಲವು ಕಡೆ ಕೈಕೊಡುತ್ತದೆ. ಹಳೆಯ ಪ್ರೋಗ್ರಾಂಗಳು ಕೆಡದಿರಲೆಂದು ಅದರ ಡಿಫಾಲ್ಟ್ ಸೆಟ್ಟಿಂಗ್‌ಗಳನ್ನು ಹಳೆಯ ಕಾಲದಂತೆಯೇ ಉಳಿಸಿದ್ದಾರೆ. ಕನ್ನಡದ ಹೆಸರು, ಊರು ತುಂಬುವಾಗ ಬರುವ ತೊಂದರೆಗಳು ಬೇರೆ. ಎರಡನ್ನೂ ಬಿಡಿಸಿ ಬರೆಯುತ್ತೇನೆ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಪ್ರಾಗ್ಮಾಗಳ (ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಕಮಾಂಡುಗಳ) ಹೆಸರಿನಲ್ಲಿ ಎರಡು ಪದದ ನಡುವೆ ಅಂಡರ್‌ಸ್ಕೋರ್ ಹಾಕಿ.

ಜೇಸನ್ ಫೈಲ್ ಯಾಕೆ ಸಾಲದು

ಇಷ್ಟು ಚಿಕ್ಕ ಡೇಟಾ ಆದರೆ ಒಂದು ಜೇಸನ್ ಫೈಲೇ (ಡೇಟಾವನ್ನು ಬ್ರಾಕೆಟ್‌ಗಳೊಳಗೆ ಬರೆದಿಡುವ ಸಾದಾ ಟೆಕ್ಸ್ಟ್ ಫೈಲ್) ಸಾಕಲ್ಲ ಎಂದು ಕೇಳುವವರಿದ್ದಾರೆ. ಸಂಘದ ಹೆಸರು, ಚೀಟಿಯ ತಲೆಬರಹ, ಪ್ರಿಂಟರ್ ಅಗಲ ಇಂಥ ಸೆಟ್ಟಿಂಗ್‌ಗಳಿಗೆ ಸಾಕು. ದಿನವೂ ಬೆಳೆಯುವ ಲೆಕ್ಕಕ್ಕೆ ಸಾಲದು. ಒಂದು ಸಾಲು ಸೇರಿಸಲು ಇಡೀ ಫೈಲನ್ನು ಓದಿ, ಇಡೀ ಫೈಲನ್ನು ಮತ್ತೆ ಬರೆಯಬೇಕು. ಬರೆಯುವ ನಡುವೆ ಕರೆಂಟ್ ಹೋದರೆ ಅರ್ಧ ಫೈಲ್ ಉಳಿಯುತ್ತದೆ, ಕೊನೆಯ ಬ್ರಾಕೆಟ್ ಇರುವುದಿಲ್ಲ, ಆಮೇಲೆ ಒಂದು ಸಾಲನ್ನೂ ಓದಲಾಗುವುದಿಲ್ಲ. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಇಬ್ಬರೂ ಹಳೆಯ ಪ್ರತಿಯನ್ನೇ ಓದಿಕೊಂಡಿರುತ್ತಾರೆ. ಕೊನೆಗೆ ಬರೆದವರದ್ದು ಉಳಿಯುತ್ತದೆ, ಮೊದಲು ಬರೆದವರ ಹಾಲು ಲೆಕ್ಕದಿಂದ ಮಾಯ.

ಸೆಟ್ಟಿಂಗ್‌ಗೆ ಜೇಸನ್ ಬಳಸುವುದಾದರೂ ಕ್ರಮ ತಪ್ಪಬಾರದು. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕಿಗೆ ಸೇರುವಂತೆ ಮಾಡಿ), ಆಮೇಲೆ ರೀನೇಮ್ ಮಾಡಿ. ಲಿನಕ್ಸ್‌ನಲ್ಲಿ ಒಂದೇ ಫೈಲ್ ಸಿಸ್ಟಂ ಒಳಗಿನ ರೀನೇಮ್ ಒಂದೇ ಏಟಿಗೆ ಆಗುವ ಕೆಲಸ: ಹಳೆಯದು ಪೂರ್ತಿ ಇರುತ್ತದೆ, ಇಲ್ಲವೇ ಹೊಸದು ಪೂರ್ತಿ ಇರುತ್ತದೆ. ತಾತ್ಕಾಲಿಕ ಫೈಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟರೆ ಈ ಭರವಸೆ ಇಲ್ಲ. ಇನ್ನೊಂದು ಮಾತು: ಪಿಎಚ್‌ಪಿಯ ಜೇಸನ್ ಎನ್‌ಕೋಡ್, ಪೈಥಾನ್‌ನ ಜೇಸನ್ ಡಂಪ್ಸ್ ಎರಡೂ ಹೇಳದೇ ಇದ್ದರೆ ಪ್ರತಿ ಕನ್ನಡ ಅಕ್ಷರವನ್ನು ಆರು ಚಿಹ್ನೆಗಳ ಎಸ್ಕೇಪ್ ರೂಪಕ್ಕೆ ತಿರುಗಿಸುತ್ತವೆ. ಯುಟಿಎಫ್-8ರಲ್ಲಿ 3 ಬೈಟ್ ಸಾಕಾಗುವ ಅಕ್ಷರ 6 ಬೈಟ್ ಆಗುತ್ತದೆ, ಫೈಲ್ ತೆರೆದು ಕಣ್ಣಲ್ಲಿ ಓದಲೂ ಆಗುವುದಿಲ್ಲ. ಪಿಎಚ್‌ಪಿಯಲ್ಲಿ ಜೇಸನ್ ಅನ್‌ಎಸ್ಕೇಪ್ಡ್ ಯೂನಿಕೋಡ್ ಆಯ್ಕೆ ಕೊಡಿ, ಪೈಥಾನ್‌ನಲ್ಲಿ ಎನ್ಶೂರ್ ಆಸ್ಕಿಯನ್ನು ಫಾಲ್ಸ್ ಮಾಡಿ.

ಫೈಲ್ ತೆರೆದ ಕೂಡಲೇ ಕೊಡಬೇಕಾದ ಕಮಾಂಡುಗಳು

ಮೊದಲನೆಯದು ಪ್ರಾಗ್ಮಾ ಜರ್ನಲ್ ಮೋಡ್ ವಾಲ್ (ರೈಟ್-ಅಹೆಡ್ ಲಾಗ್). ಇದನ್ನು ಒಮ್ಮೆ ಕೊಟ್ಟರೆ ಸಾಕು, ಫೈಲಿನಲ್ಲೇ ಉಳಿದುಕೊಳ್ಳುತ್ತದೆ. ಹಳೆಯ ವಿಧಾನದಲ್ಲಿ ಒಬ್ಬರು ಬರೆಯುವಾಗ ಓದುವವರೂ ಕಾಯಬೇಕು. 2010ರಲ್ಲಿ 3.7.0 ಆವೃತ್ತಿಯೊಂದಿಗೆ ಬಂದ ವಾಲ್ ವಿಧಾನದಲ್ಲಿ ಹೊಸ ಬದಲಾವಣೆ ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತದೆ, ಓದುವವರು ತಮ್ಮ ಪಾಡಿಗೆ ಓದುತ್ತಿರಬಹುದು. ಬರೆಯುವವರು ಮಾತ್ರ ಯಾವಾಗಲೂ ಒಬ್ಬರೇ. ಸೆಕ್ರೆಟರಿ ನಮೂದು ಮಾಡುತ್ತಿರುವಾಗ ರೈತರು ತಮ್ಮ ಮೊಬೈಲಿನಲ್ಲಿ ಪಾಸ್‌ಬುಕ್ ನೋಡುವ ಆ್ಯಪ್‌ಗೆ ಇದೇ ಬೇಕಾದ ಗುಣ. ವಾಲ್ ಹಾಕಿದ ಮೇಲೆ ಮುಖ್ಯ ಫೈಲಿನ ಪಕ್ಕ ವಾಲ್, ಎಸ್‌ಎಚ್‌ಎಂ ಎಂಬ ಬಾಲವಿರುವ ಎರಡು ಫೈಲ್ ಕಾಣಿಸಿಕೊಳ್ಳುತ್ತವೆ. ಕಸ ಎಂದು ಅಳಿಸಬೇಡಿ; ಇನ್ನೂ ಮುಖ್ಯ ಫೈಲಿಗೆ ಸೇರದ ಲೆಕ್ಕ ಅಲ್ಲಿದೆ.

ಎರಡನೆಯದು ಪ್ರಾಗ್ಮಾ ಫಾರಿನ್ ಕೀಸ್ ಆನ್. ಟೇಬಲ್ ಮಾಡುವಾಗ ಸಂಬಂಧಗಳನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ಇದನ್ನು ಕೊಡದಿದ್ದರೆ ಎಸ್‌ಕ್ಯೂಲೈಟ್ ಅವನ್ನು ಪರೀಕ್ಷಿಸುವುದೇ ಇಲ್ಲ. ಇಲ್ಲದ ಸದಸ್ಯರ ಹೆಸರಿಗೆ ಹಾಲು ಬರೆದರೂ ಒಪ್ಪಿಕೊಳ್ಳುತ್ತದೆ. ಈ ಸೆಟ್ಟಿಂಗ್ ಫೈಲಿನಲ್ಲಿ ಉಳಿಯುವುದಿಲ್ಲ, ಪ್ರತಿ ಕನೆಕ್ಷನ್‌ಗೂ ಕೊಡಬೇಕು. ಹಾಗಾಗಿ ಕನೆಕ್ಷನ್ ತೆರೆಯುವ ಫಂಕ್ಷನ್ ಇಡೀ ಆ್ಯಪ್‌ನಲ್ಲಿ ಒಂದೇ ಇರಲಿ.

ಮೂರನೆಯದು ಪ್ರಾಗ್ಮಾ ಬ್ಯುಸಿ ಟೈಮ್‌ಔಟ್ 5000. ಇದು ಮಿಲಿಸೆಕೆಂಡ್ ಲೆಕ್ಕ. ಎಸ್‌ಕ್ಯೂಲೈಟ್‌ನ ಸ್ವಂತ ಡಿಫಾಲ್ಟ್ ಸೊನ್ನೆ: ಇನ್ನೊಬ್ಬರು ಬರೆಯುತ್ತಿದ್ದರೆ ಒಂದು ಕ್ಷಣವೂ ಕಾಯದೆ ಡೇಟಾಬೇಸ್ ಲಾಕ್ಡ್ ಎಂದು ಹೇಳಿಬಿಡುತ್ತದೆ. ಇಷ್ಟು ಮಾಡಿದ ಮೇಲೂ ಅದೇ ಎರರ್ ಬಂದರೆ ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಕೆಲಸಗಳ ಕಟ್ಟು) ಹೇಗೆ ಶುರುವಾಗಿದೆ ನೋಡಿ. ಬರೀ ಬಿಗಿನ್ ಎಂದರೆ ಮೊದಲು ಓದುವವರಾಗಿ ಒಳಗೆ ಹೋಗಿ, ಆಮೇಲೆ ಬರೆಯುವವರಾಗಲು ಯತ್ನಿಸಿದಂತೆ. ಆ ನಡುವೆ ಬೇರೊಬ್ಬರು ಬರೆದು ಮುಗಿಸಿದ್ದರೆ ನೀವು ಓದಿದ್ದು ಹಳತಾಗಿರುತ್ತದೆ. ಎಷ್ಟು ಕಾದರೂ ಅದು ಹೊಸದಾಗುವುದಿಲ್ಲ, ಆದ್ದರಿಂದ ಟೈಮ್‌ಔಟ್ ಲೆಕ್ಕಿಸದೆ ತಕ್ಷಣ ತಿರಸ್ಕರಿಸುತ್ತದೆ. ಬರೆಯುವ ಉದ್ದೇಶ ಇದ್ದರೆ ಮೊದಲಿಗೇ ಬಿಗಿನ್ ಇಮ್ಮೀಡಿಯೆಟ್ ಎನ್ನಿ. ಈ ಒಂದು ಪದ ಬಿಟ್ಟುಹೋದ ಕಾರಣಕ್ಕೆ ಎಸ್‌ಕ್ಯೂಲೈಟ್ ವೆಬ್‌ಗೆ ಆಗಿಬರುವುದಿಲ್ಲ ಎಂಬ ಹೆಸರು ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಬರೆದದ್ದು ಡಿಸ್ಕಿಗೆ ಸೇರುವವರೆಗೆ ಎಷ್ಟು ಕಾಯಬೇಕೆಂದು ಹೇಳುವ ಸಿಂಕ್ರೊನಸ್ ಸೆಟ್ಟಿಂಗ್ ಅನ್ನು ಫುಲ್‌ನಿಂದ ನಾರ್ಮಲ್‌ಗೆ ಇಳಿಸಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ವಾಲ್ ಜೊತೆ ಹಾಗೆ ಮಾಡಿದರೆ ಫೈಲ್ ಕೆಡುವುದಿಲ್ಲ ನಿಜ, ಆದರೆ ಕರೆಂಟ್ ಹೋದಾಗ ಕೊನೆಯ ಕೆಲವು ನಮೂದು ಕಳೆದುಹೋಗಬಹುದು. ಚೀಟಿ ಪ್ರಿಂಟ್ ಆಗಿ ರೈತರ ಕೈಗೆ ಹೋಗಿದೆ, ಲೆಕ್ಕದಲ್ಲಿ ಮಾತ್ರ ಇಲ್ಲ ಎಂಬ ಸ್ಥಿತಿ ಡೈರಿಯಲ್ಲಿ ಬರಬಾರದು. 36 ಸೆಕೆಂಡಿಗೊಂದು ನಮೂದಿಗೆ ವೇಗ ಬೇಕಿಲ್ಲ; ಫುಲ್ ಇದ್ದಂತೆಯೇ ಇರಲಿ. ಹಳೆಯ ಪುಸ್ತಕದಿಂದ ಸಾವಿರಾರು ಸಾಲು ಒಟ್ಟಿಗೆ ಸೇರಿಸುವಾಗ ಮಾತ್ರ ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಕಟ್ಟಿ. ಪ್ರತಿ ಸಾಲಿಗೆ ಬೇರೆ ಟ್ರಾನ್ಸಾಕ್ಷನ್ ಆದರೆ ಪ್ರತಿ ಸಲವೂ ಡಿಸ್ಕ್ ಬರೆದು ಮುಗಿಸುವವರೆಗೆ ಕಾಯಬೇಕಾಗುತ್ತದೆ.

ಟೇಬಲ್ ಕಟ್ಟುವಾಗ

ಸದಸ್ಯ, ಹಾಲು, ದರ, ಕಡಿತ, ಬಟವಾಡೆ: ಐದು ಟೇಬಲ್ ಸಾಕು. ಟೇಬಲ್, ಕಾಲಂಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು, ಕೊಟೇಷನ್ ಚಿಹ್ನೆಯೂ ಬೇಡ. ಆಸ್ಕಿಗೆ (ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆಗಳ ಮೂಲ ಪಟ್ಟಿಗೆ) ಹೊರಗಿನ ಎಲ್ಲ ಅಕ್ಷರವನ್ನೂ ಎಸ್‌ಕ್ಯೂಲೈಟ್ ಹೆಸರಿನ ಭಾಗವಾಗಿ ಒಪ್ಪುತ್ತದೆ. ಸಂಘದವರೇ ಫೈಲ್ ತೆರೆದು ನೋಡುವ ಕಡೆ ಇದು ಉಪಯೋಗಕ್ಕೆ ಬರುತ್ತದೆ.

ಪ್ರತಿ ಟೇಬಲ್ ಕೊನೆಗೆ ಸ್ಟ್ರಿಕ್ಟ್ ಎಂಬ ಪದ ಸೇರಿಸಿ. ಅದಿಲ್ಲದಿದ್ದರೆ ಇಂಟಿಜರ್ ಎಂದು ಬರೆದ ಕಾಲಂನೊಳಗೆ 'ಆರೂವರೆ' ಎಂಬ ಅಕ್ಷರ ಕೊಟ್ಟರೂ ಹಾಗೇ ಇಟ್ಟುಕೊಳ್ಳುತ್ತದೆ, ಒಟ್ಟು ಮಾಡುವಾಗ ಸದ್ದಿಲ್ಲದೆ ಸೊನ್ನೆ ಎಂದು ಕೂಡುತ್ತದೆ. ಸ್ಟ್ರಿಕ್ಟ್ ಬಂದದ್ದು 2021ರ 3.37.0 ಆವೃತ್ತಿಯಲ್ಲಿ. ಅಗ್ಗದ ಹೋಸ್ಟಿಂಗ್‌ಗಳಲ್ಲಿ ಅದಕ್ಕಿಂತ ಹಳೆಯದು ಇರಬಹುದು, ಸೆಲೆಕ್ಟ್ ಎಸ್‌ಕ್ಯೂಲೈಟ್ ವರ್ಷನ್ ಎಂದು ಮೊದಲೇ ಕೇಳಿ ನೋಡಿ. ಒಮ್ಮೆ ಮಾಡಿದ ಟೇಬಲ್‌ಗೆ ಆಲ್ಟರ್ ಕಮಾಂಡ್ ಮೂಲಕ ಸ್ಟ್ರಿಕ್ಟ್ ಸೇರಿಸಲಾಗದು. ಹೊಸ ಟೇಬಲ್ ಮಾಡಿ, ಡೇಟಾ ನಕಲಿಸಿ, ಹಳೆಯದನ್ನು ತೆಗೆದು ಹೆಸರು ಬದಲಿಸಬೇಕು. ಶುರುವಿನಲ್ಲೇ ಹಾಕಿಬಿಡುವುದು ಒಳ್ಳೆಯದು.

ಅಳತೆ, ದುಡ್ಡು ಎರಡನ್ನೂ ಪೂರ್ಣಾಂಕದಲ್ಲಿ ಇಡಿ. ಹಾಲು ಮಿಲಿಲೀಟರ್‌ನಲ್ಲಿ, ದುಡ್ಡು ಪೈಸೆಯಲ್ಲಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೂರರಿಂದ ಗುಣಿಸಿ: 4.1 ಫ್ಯಾಟ್ ಎಂದರೆ 410. ರಿಯಲ್ ಮಾದರಿಯಲ್ಲಿ 0.1, 0.2ರಂಥ ಸಂಖ್ಯೆ ನಿಖರವಾಗಿ ಕೂರುವುದಿಲ್ಲ, ಕೂಡಿ ದುಂಡುಗಟ್ಟುವಾಗ ಒಂದು ಪೈಸೆ ಅತ್ತಿತ್ತ ಆಗಬಹುದು. ಕಾಲಂ ಹೆಸರಿನಲ್ಲೇ ಮಾನ ಇರಲಿ: 'ಹಾಲು_ಮಿಲಿ', 'ಮೊತ್ತ_ಪೈಸೆ'. ಕೆಲವು ಕಡೆ ತೂಕದ ಯಂತ್ರ ಕಿಲೋ ತೋರಿಸುತ್ತದೆ. ಹಾಲಿನ ಸಾಂದ್ರತೆ ಸುಮಾರು 1.03 ಇರುವುದರಿಂದ ಕಿಲೋ ಮತ್ತು ಲೀಟರ್ ಒಂದೇ ಅಲ್ಲ. 10 ಲೀಟರಿಗೆ 300 ಗ್ರಾಂ ವ್ಯತ್ಯಾಸ. ಕಾಲಂಗೆ ಬರೀ 'ಅಳತೆ' ಎಂದು ಹೆಸರಿಟ್ಟರೆ ಆರು ತಿಂಗಳ ಮೇಲೆ ಅದು ಯಾವ ಮಾನ ಎಂದು ಹೇಳುವವರು ಯಾರೂ ಇರುವುದಿಲ್ಲ.

ಮೊತ್ತದ ದುಂಡುಗಟ್ಟುವಿಕೆಗೆ ಒಂದು ಉದಾಹರಣೆ. 6.35 ಲೀಟರ್, ದರ ಲೀಟರಿಗೆ ₹34.10 ಎಂದಿರಲಿ. 6350 ಗುಣಿಸು 3410, ಭಾಗಿಸು 1000: 21,653.5 ಪೈಸೆ. ಎಸ್‌ಕ್ಯೂಲೈಟ್‌ನಲ್ಲಿ ಪೂರ್ಣಾಂಕದ ಭಾಗಾಕಾರ ಶೇಷವನ್ನು ಕತ್ತರಿಸಿ 21,653 ಕೊಡುತ್ತದೆ. ಭಾಗಿಸುವ ಮೊದಲು 500 ಕೂಡಿದರೆ 21,654 ಸಿಗುತ್ತದೆ. ಯಾವುದು ಸರಿ ಎಂಬುದನ್ನು ಸಂಘ ನಿರ್ಧರಿಸಲಿ. ಆದರೆ ಚೀಟಿಯಲ್ಲಿ ಒಂದು ರೀತಿ, ವಾರದ ಬಟವಾಡೆಯಲ್ಲಿ ಇನ್ನೊಂದು ರೀತಿ ಆಗಬಾರದು. ಚೀಟಿ ಪ್ರಿಂಟ್ ಆಗುವಾಗಲೇ ದರ, ಮೊತ್ತ ಎರಡನ್ನೂ ಹಾಲಿನ ಸಾಲಿನಲ್ಲಿ ಬರೆದುಬಿಡಿ, ಬಟವಾಡೆಗೆ ಅವನ್ನೇ ಕೂಡಿ. ದರದ ಟೇಬಲ್‌ನಲ್ಲಿ 'ಯಾವ ದಿನದಿಂದ' ಎಂಬ ಕಾಲಂ ಇರಲಿ, ಹಳೆಯ ದರವನ್ನು ತಿದ್ದಬೇಡಿ, ಹೊಸ ಸಾಲು ಸೇರಿಸಿ. ಬಟವಾಡೆಯ ದಿನ ದರದ ಟೇಬಲ್ ನೋಡಿ ಮತ್ತೆ ಗುಣಿಸಲು ಹೋದರೆ, ನಡುವೆ ದರ ಬದಲಾದ ವಾರದಲ್ಲಿ ರೈತರ ಕೈಯ ಚೀಟಿಗೂ ಸಂಘದ ಪುಸ್ತಕಕ್ಕೂ ತಾಳೆ ಆಗುವುದಿಲ್ಲ.

ಸದಸ್ಯರನ್ನು ಹೆಸರಿನಿಂದ ಗುರುತಿಸುವ ಯೋಚನೆ ಈ ಸೀಮೆಯಲ್ಲಿ ನಡೆಯುವುದಿಲ್ಲ. ಒಂದೇ ಹಳ್ಳಿಯಲ್ಲಿ ಮೂರು ಜನ ಮುನಿಯಪ್ಪ, ಇಬ್ಬರು ವೆಂಕಟೇಶಪ್ಪ ಇರುತ್ತಾರೆ, ಅವರಲ್ಲಿ ಇಬ್ಬರಿಗೆ ತಂದೆಯ ಹೆಸರೂ ಒಂದೇ. ಸಂಘದ ಸದಸ್ಯತ್ವ ನಂಬರಿಗೆ ಯೂನಿಕ್ ಹಾಕಿ, ಒಳಗಿನ ಸಂಬಂಧಗಳಿಗೆ ಮಾತ್ರ ಬೇರೆ ಐಡಿ ಇಡಿ. ಹಾಲಿನ ಟೇಬಲ್‌ನಲ್ಲಿ ಸದಸ್ಯ, ದಿನಾಂಕ, ಹೊತ್ತು ಮೂರನ್ನೂ ಸೇರಿಸಿ ಯೂನಿಕ್ ಮಾಡಿದರೆ ಬಟನ್ ಎರಡು ಸಲ ಒತ್ತಿ ಎರಡು ನಮೂದು ಆಗುವುದು ನಿಲ್ಲುತ್ತದೆ. ಆದರೆ ಒಬ್ಬರೇ ಒಂದೇ ಹೊತ್ತಿಗೆ ಎರಡು ಕ್ಯಾನ್ ತರುವುದೂ ಉಂಟು. ಆದ್ದರಿಂದ 'ಕ್ಯಾನ್' ಎಂಬ ನಾಲ್ಕನೆಯ ಕಾಲಂ ಸೇರಿಸಿ, ಡಿಫಾಲ್ಟ್ 1 ಕೊಟ್ಟು, ಅದನ್ನೂ ಯೂನಿಕ್‌ನೊಳಗೆ ತನ್ನಿ.

ಚೀಟಿ ನಂಬರಿಗೆ ಸಾಲಿನ ಐಡಿಯನ್ನೇ ಬಳಸುವವರು ಆಟೋಇಂಕ್ರಿಮೆಂಟ್ ಹಾಕಲೇಬೇಕು. ಅದಿಲ್ಲದಿದ್ದರೆ ಕೊನೆಯ ಸಾಲು ಅಳಿಸಿದಾಗ ಅದೇ ನಂಬರು ಮುಂದಿನವರಿಗೆ ಸಿಗುತ್ತದೆ, ಒಂದೇ ನಂಬರಿನ ಎರಡು ಚೀಟಿ ಊರಲ್ಲಿ ಓಡಾಡುತ್ತವೆ. ಇನ್ನೂ ಕೆಟ್ಟದ್ದು ಇನ್ಸರ್ಟ್ ಆರ್ ರಿಪ್ಲೇಸ್. ಅದು ತಿದ್ದುವುದಲ್ಲ, ಹಳೆಯ ಸಾಲನ್ನು ಅಳಿಸಿ ಹೊಸದು ಹಾಕುವುದು. ಸದಸ್ಯರ ಫೋನ್ ನಂಬರು ಬದಲಿಸಲು ಇದನ್ನು ಬಳಸಿ, ಜೊತೆಗೆ ಆನ್ ಡಿಲೀಟ್ ಕ್ಯಾಸ್ಕೇಡ್ (ಸಾಲು ಅಳಿದರೆ ಅದಕ್ಕೆ ಸೇರಿದ ಸಾಲುಗಳೂ ಅಳಿಯಲಿ ಎಂಬ ನಿಯಮ) ಇದ್ದರೆ, ಆ ಸದಸ್ಯರ ಅಷ್ಟೂ ವರ್ಷದ ಹಾಲಿನ ಸಾಲುಗಳು ಜೊತೆಗೇ ಹೋಗುತ್ತವೆ. ಇನ್ಸರ್ಟ್, ಆನ್ ಕಾನ್‌ಫ್ಲಿಕ್ಟ್, ಡೂ ಅಪ್ಡೇಟ್ ಬರೆಯಿರಿ. ದುಡ್ಡಿನ ಟೇಬಲ್‌ಗಳಿಗೆ ಕ್ಯಾಸ್ಕೇಡ್ ಬೇಡವೇ ಬೇಡ.

ಫೋನ್ ನಂಬರು, ಬ್ಯಾಂಕ್ ಖಾತೆ ನಂಬರು ಸಂಖ್ಯೆಗಳಂತೆ ಕಂಡರೂ ಅವನ್ನು ಯಾರೂ ಕೂಡಿ ಕಳೆಯುವುದಿಲ್ಲ. ಟೆಕ್ಸ್ಟ್ ಆಗಿಯೇ ಇಡಿ. ಸಂಖ್ಯೆ ಮಾಡಿದರೆ ಖಾತೆ ನಂಬರಿನ ಮೊದಲಿಗಿರುವ ಸೊನ್ನೆಗಳು ಬಿದ್ದುಹೋಗುತ್ತವೆ. ಎಕ್ಸೆಲ್‌ನಿಂದ ಬರುವ ಪಟ್ಟಿಯಲ್ಲಿ ಈ ಹಾನಿ ಮೊದಲೇ ಆಗಿರುತ್ತದೆ: ಅದು 15 ಅಂಕೆಗಿಂತ ಉದ್ದದ ಸಂಖ್ಯೆಯ ಕೊನೆಯ ಅಂಕೆಗಳನ್ನು ಸೊನ್ನೆ ಮಾಡಿಬಿಡುತ್ತದೆ. ಐಎಫ್‌ಎಸ್‌ಸಿ ಕೋಡಿಗೆ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಉದ್ದ 11, ಐದನೆಯದು ಸೊನ್ನೆ ಎಂದು ಒಂದು ಚೆಕ್ ಬರೆದರೆ ಸೊನ್ನೆಯ ಬದಲು ಇಂಗ್ಲಿಷ್ ಓ ಒತ್ತಿದ ತಪ್ಪು ಬ್ಯಾಂಕಿಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ. ಆಧಾರ್ ನಂಬರು ಈ ಲೆಕ್ಕಕ್ಕೆ ಬೇಕಿಲ್ಲ. ಬೇಡದ್ದನ್ನು ಇಟ್ಟುಕೊಳ್ಳಬಾರದು.

ಬೆಳಗಿನ ಐದೂಕಾಲು

ಸಮಯದ ವಿಷಯಕ್ಕೆ ಬೇರೆಯಾಗಿಯೇ ಜಾಗ ಕೊಡಬೇಕು, ಡೈರಿಗೆ ಇದು ನೇರವಾಗಿ ತಟ್ಟುತ್ತದೆ. ಎಸ್‌ಕ್ಯೂಲೈಟ್‌ನ ಕರೆಂಟ್ ಟೈಮ್‌ಸ್ಟ್ಯಾಂಪ್ ಕೊಡುವುದು ಯುಟಿಸಿ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಜೂನ್ 12ರ ಬೆಳಗ್ಗೆ 5:15ಕ್ಕೆ ಹಾಕಿದ ಹಾಲು ಅಲ್ಲಿ ಜೂನ್ 11ರ ರಾತ್ರಿ 11:45. ಅದರಿಂದಲೇ ತಾರೀಕು ಕತ್ತರಿಸಿಕೊಂಡರೆ ಐದೂವರೆಗೆ ಮುಂಚೆ ಬಂದವರ ಹಾಲು ಹಿಂದಿನ ದಿನಕ್ಕೆ, ಆಮೇಲೆ ಬಂದವರದು ಆ ದಿನಕ್ಕೆ ಸೇರುತ್ತದೆ. ಸಂಜೆ ಕೂತು ಪರೀಕ್ಷಿಸುವವರಿಗೆ ಈ ತಪ್ಪು ಎಂದೂ ಕಾಣಿಸದು. ಲೋಕಲ್‌ಟೈಮ್ ಎಂಬ ಮಾರ್ಪಾಟು ಸೇರಿಸಿದರೂ, ಸರ್ವರ್ ಗಡಿಯಾರವೇ ಯುಟಿಸಿಯಲ್ಲಿದ್ದರೆ ಏನೂ ಬದಲಾಗದು.

ಎರಡು ಕಾಲಂ ಇಡಿ. 'ದಿನಾಂಕ' ಎಂಬುದು ಸಂಘದ ದಿನ, ವರ್ಷ-ತಿಂಗಳು-ದಿನ ಕ್ರಮದ ಹತ್ತು ಚಿಹ್ನೆಯ ಟೆಕ್ಸ್ಟ್. ಆ್ಯಪ್ ಏಷ್ಯಾ/ಕೋಲ್ಕತಾ ಸಮಯ ನೋಡಿ ಬರೆಯಲಿ. 'ಬರೆದ_ಸಮಯ' ಯುಟಿಸಿಯಲ್ಲೇ ಇರಲಿ. ಎಸ್‌ಕ್ಯೂಲೈಟ್ ಒಳಗೇ ಬೇಕಾದರೆ ಡೇಟ್ ಫಂಕ್ಷನ್‌ಗೆ '+330 ಮಿನಿಟ್ಸ್' ಎಂದು ಕೊಡಿ. ಭಾರತದಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದ್ದರಿಂದ ಈ 330 ವರ್ಷವಿಡೀ ಸರಿ. ದಿನ-ತಿಂಗಳು-ವರ್ಷ ಕ್ರಮದಲ್ಲಿ ಮಾತ್ರ ಇಡಬೇಡಿ, 01-12 ಎಂಬುದು 02-01ಕ್ಕಿಂತ ಮೊದಲು ಬಂದು ಕೂರುತ್ತದೆ.

ಕನ್ನಡದ ಅಕ್ಷರ ಫೈಲಿನೊಳಗೆ

ಬೇರೆ ಭಾಷೆಯ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ, ನಮ್ಮ ಕೆಲಸ ಹೆಚ್ಚು ಕೆಡುವುದು ಇಲ್ಲೇ. 'ಕೋಲಾರ' ಎಂಬುದನ್ನೇ ನೋಡಿ. ಅದರ ಮೊದಲ ಅಕ್ಷರದ ಓತ್ವವನ್ನು ಒಂದೇ ಯೂನಿಕೋಡ್ ಸಂಕೇತವಾಗಿ ಬರೆಯಬಹುದು, ಎರಡಾಗಿ ಬರೆಯಬಹುದು, ಮೂರಾಗಿಯೂ ಬರೆಯಬಹುದು. ಪರದೆಯ ಮೇಲೆ ಮೂರೂ ಒಂದೇ, ಎಸ್‌ಕ್ಯೂಲೈಟ್‌ಗೆ ಮೂರೂ ಬೇರೆ, ಏಕೆಂದರೆ ಅದು ಹೋಲಿಸುವುದು ಬೈಟುಗಳನ್ನು. ಈತ್ವ, ಏತ್ವ, ಐತ್ವ, ಒತ್ವಗಳಿಗೂ ಇದೇ ಸಮಸ್ಯೆ. ಉಳಿಸುವ ಮೊದಲು ಪ್ರತಿ ಟೆಕ್ಸ್ಟನ್ನೂ ಎನ್‌ಎಫ್‌ಸಿ (ಒಂದೇ ಅಕ್ಷರಕ್ಕೆ ಒಂದೇ ಬಗೆಯ ಸಂಕೇತ ಇರುವ) ರೂಪಕ್ಕೆ ತನ್ನಿ: ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಜ್, ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ, ಪಿಎಚ್‌ಪಿಯಲ್ಲಿ ಇಂಟ್ಲ್ ಎಕ್ಸ್‌ಟೆನ್ಷನ್‌ನ ನಾರ್ಮಲೈಜರ್. ಹುಡುಕುವ ಪದಕ್ಕೂ ಅದೇ ಸಂಸ್ಕಾರ ಆಗಲಿ.

ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತುವುದು ಇನ್ನೊಂದು. 'ಬಂಗಾರಪೇಟೆ' ಮತ್ತು 'ಬ೦ಗಾರಪೇಟೆ' ಒಂದೇ ರೀತಿ ಕಾಣುತ್ತವೆ, ಎರಡನೆಯದರಲ್ಲಿ ಇರುವುದು ಅಂಕೆ. ಊರಿನ ಪ್ರಕಾರ ಪಟ್ಟಿ ತೆಗೆದಾಗ ಒಂದೇ ಊರು ಎರಡಾಗಿ ಬರುತ್ತದೆ. ಕನ್ನಡ ಅಕ್ಷರದ ಪಕ್ಕದಲ್ಲಿ ಕನ್ನಡ ಸೊನ್ನೆ ಕಂಡರೆ ಅನುಸ್ವಾರ ಮಾಡುವ ಒಂದು ಸಾಲಿನ ನಿಯಮ ಸಾಕು. ಇನ್ನೂ ಒಳ್ಳೆಯದು, ಊರುಗಳಿಗೆ ಬೇರೆ ಟೇಬಲ್ ಮಾಡಿ ಪಟ್ಟಿಯಿಂದ ಆರಿಸುವಂತೆ ಮಾಡುವುದು. ಅಳತೆಯ ಜಾಗದಲ್ಲಿ ಕನ್ನಡ ಅಂಕೆ ಒತ್ತಿದಾಗ ಒಂದೊಂದು ಭಾಷೆ ಒಂದೊಂದು ಥರ ಆಡುತ್ತದೆ: ೬.೩೫ ಎಂಬುದನ್ನು ಪೈಥಾನ್ ಸರಿಯಾಗಿ ಸಂಖ್ಯೆ ಮಾಡಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಸಂಖ್ಯೆಯಲ್ಲ ಎನ್ನುತ್ತದೆ, ಪಿಎಚ್‌ಪಿಯ ಫ್ಲೋಟ್‌ವ್ಯಾಲ್ ಮತ್ತು ಎಸ್‌ಕ್ಯೂಲೈಟ್‌ನ ಕಾಸ್ಟ್ ತೆಪ್ಪಗೆ ಸೊನ್ನೆ ಕೊಡುತ್ತವೆ. ಹತ್ತು ಅಂಕೆಗಳನ್ನೂ ಮೊದಲೇ ಬದಲಿಸಿಕೊಳ್ಳಿ.

'ಮಂಜುನಾಥ್' ಥರದ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಯೊಂದನ್ನು ಸೇರಿಸುತ್ತವೆ. ಕೊನೆಯಲ್ಲಿದ್ದರೆ ತೆಗೆದುಬಿಡಿ. ಪದದ ನಡುವೆ ಇದ್ದರೆ ತೆಗೆಯಬೇಡಿ, 'ರಾಜ್‌ಕುಮಾರ್' ಬರೆಯುವ ರೀತಿಯೇ ಬದಲಾಗುತ್ತದೆ. ತೋರಿಸಲು ಒಂದು ಕಾಲಂ, ಆ ಚಿಹ್ನೆ ಪೂರ್ತಿ ತೆಗೆದ ಹುಡುಕಾಟದ ಕಾಲಂ ಇನ್ನೊಂದು ಇಟ್ಟರೆ ಎರಡೂ ಕೆಲಸ ಆಗುತ್ತದೆ.

ಅಕಾರಾದಿಯಲ್ಲಿ ಪಟ್ಟಿ ಬೇಕೆಂದಾಗ ಒಂದೇ ಒಂದು ಅಕ್ಷರ ತಕರಾರು ಮಾಡುತ್ತದೆ. ಯೂನಿಕೋಡ್ ಕ್ರಮದಲ್ಲಿ 'ಳ' ಇರುವುದು 'ಲ' ಪಕ್ಕದಲ್ಲಿ. ನಮ್ಮ ಅಕ್ಷರಮಾಲೆಯಲ್ಲಿ 'ಹ' ಆದ ಮೇಲೆ. ಹಾಗಾಗಿ ಕಾಳಮ್ಮ ಕಾವೇರಮ್ಮನಿಗಿಂತ ಮೊದಲು ಬರುತ್ತಾರೆ. ವಿಂಗಡಣೆಗೆ ಬೇರೆ ಕಾಲಂ ಮಾಡಿ, ಅದರಲ್ಲಿ ಮಾತ್ರ 'ಳ' ಇರುವ ಕಡೆ 'ಹ'ದ ಮುಂದಿನ ಖಾಲಿ ಸಂಕೇತವನ್ನು ಹಾಕಿ. ಆ ಕಾಲಂ ಯಾರಿಗೂ ತೋರಿಸಬೇಕಿಲ್ಲ, ಕ್ರಮ ಮಾತ್ರ ಸರಿಹೋಗುತ್ತದೆ.

ಪದ ಹುಡುಕಲು ಎಸ್‌ಕ್ಯೂಲೈಟ್‌ನದೇ ಹುಡುಕಾಟದ ಸೌಲಭ್ಯವಾದ ಎಫ್‌ಟಿಎಸ್5 ಬಳಸುವವರಿಗೆ ಎಚ್ಚರಿಕೆ. ಅದರ ಯೂನಿಕೋಡ್61 ಟೋಕನೈಜರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ಅಕ್ಷರ ಮತ್ತು ಅಂಕೆಗಳನ್ನು ಮಾತ್ರ ಪದದ ಭಾಗ ಎಂದು ತಿಳಿದು, ನಮ್ಮ ಕಾಗುಣಿತದ ಚಿಹ್ನೆಗಳಲ್ಲಿ ಪದವನ್ನು ಮುರಿಯುತ್ತದೆ. ಕ್ಯಾಟಗರೀಸ್ ಆಯ್ಕೆಯಲ್ಲಿ ಎಂಎನ್, ಎಂಸಿ (ಕಾಗುಣಿತದ ಚಿಹ್ನೆಗಳ ಯೂನಿಕೋಡ್ ವರ್ಗಗಳು) ಎರಡನ್ನೂ ಸೇರಿಸಿದರೆ ಪದ ಇಡಿಯಾಗಿ ಉಳಿಯುತ್ತದೆ. 200 ಹೆಸರಿಗೆ ಇದೆಲ್ಲ ಬೇಕಿಲ್ಲ, ಲೈಕ್ ಸಾಕು.

ಹಳೆಯ ಸದಸ್ಯರ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಇದ್ದರೆ ಅದು ಕನ್ನಡವೇ ಅಲ್ಲ, ಕನ್ನಡದ ಆಕಾರ ತೊಟ್ಟ ಲ್ಯಾಟಿನ್ ಸಂಕೇತ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಂದ ನೋಡಿ, ಆಮೇಲೆ ಒಳಗೆ ಬಿಡಿ. ಹೊರಗೆ ಕಳಿಸುವ ಸಿಎಸ್‌ವಿ ಫೈಲಿನ ಮೊದಲಿಗೆ ಯುಟಿಎಫ್-8 ಬಾಮ್ (ಸಂಕೇತಪದ್ಧತಿ ಯಾವುದೆಂದು ತಿಳಿಸುವ ಗುರುತು) ಸೇರಿಸಿ, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದವರಿಗೆ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆ ಕಾಣಬಹುದು.

ನೆಟ್‌ವರ್ಕ್ ಇಲ್ಲದ ಹೊತ್ತು

ಹಾಲು ಅಳೆಯುವಾಗ ನೆಟ್ ಹೋದರೆ ಕೆಲಸ ನಿಲ್ಲಬಾರದು. ಬ್ರೌಸರ್‌ನಲ್ಲಿ ಕುಕಿಗೆ 4 ಕೆಬಿ ಮಿತಿ, ಅದೂ ಪ್ರತಿ ರಿಕ್ವೆಸ್ಟ್ ಜೊತೆ ಹೋಗುತ್ತದೆ; ಲೋಕಲ್ ಸ್ಟೋರೇಜ್‌ನಲ್ಲಿ ಸುಮಾರು 5 ಎಂಬಿ, ಬರೀ ಸ್ಟ್ರಿಂಗ್. ಭಾಷೆ, ಕೊನೆಗೆ ಆರಿಸಿದ ಹೊತ್ತು ಇಂಥವಕ್ಕೆ ಅದು ಸಾಕು. ನಮೂದುಗಳಿಗೆ ಬ್ರೌಸರ್‌ನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್‌ಡ್‌ಡಿಬಿ ಬಳಸಿ, ಅದರಲ್ಲಿ ಟ್ರಾನ್ಸಾಕ್ಷನ್ ಇದೆ. ಪ್ರತಿ ನಮೂದಿಗೆ ಫೋನಿನಲ್ಲೇ ಒಂದು ಯುಯುಐಡಿ (ಇನ್ನೊಂದಕ್ಕೆ ಹೋಲದ ಉದ್ದನೆಯ ಗುರುತು) ಹುಟ್ಟಿಸಿ, ಸರ್ವರ್‌ನಲ್ಲಿ ಆ ಕಾಲಂಗೆ ಯೂನಿಕ್ ಹಾಕಿ, ಮತ್ತೆ ಬಂದರೆ ಡೂ ನಥಿಂಗ್ ಎನ್ನಿ. ಕಳಿಸಿದ್ದು ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದಾಗ ಫೋನ್ ಅದನ್ನೇ ಇನ್ನೊಮ್ಮೆ ಕಳಿಸುತ್ತದೆ. ಆಗ ಹಾಲು ಎರಡಾಗದಿರುವುದು ಈ ಯುಯುಐಡಿಯಿಂದ. ಬ್ರೌಸರ್‌ನ ರ‍್ಯಾಂಡಮ್ ಯುಯುಐಡಿ ಫಂಕ್ಷನ್ ಎಚ್‌ಟಿಟಿಪಿಎಸ್ ಪುಟದಲ್ಲಿ ಮಾತ್ರ ಸಿಗುತ್ತದೆ. ತಾರೀಕನ್ನೂ ಅಳತೆಯಾದ ಕ್ಷಣದಲ್ಲೇ ಬರೆದಿಡಿ, ಸರ್ವರ್‌ಗೆ ತಲುಪಿದ ಕ್ಷಣದ್ದಲ್ಲ. ಬ್ರೌಸರ್‌ನಲ್ಲಿರುವುದನ್ನು ಕಾಯಂ ಎಂದು ನಂಬಬೇಡಿ: ಜಾಗ ಕಡಿಮೆಯಾದರೆ ಬ್ರೌಸರ್ ತಾನೇ ಅಳಿಸಬಹುದು, ಸಫಾರಿಯಂತೂ ಏಳು ದಿನ ಆ ಸೈಟ್ ಮುಟ್ಟದಿದ್ದರೆ ತೆಗೆದುಹಾಕುತ್ತದೆ.

ಫೈಲ್ ಎಲ್ಲಿಡಬೇಕು, ಪ್ರತಿ ಹೇಗೆ ತೆಗೆಯಬೇಕು

ವೆಬ್ ಸರ್ವರ್ ಹಂಚುವ ಫೋಲ್ಡರ್‌ನೊಳಗೆ ಫೈಲ್ ಇಟ್ಟರೆ ಅಡ್ರೆಸ್ ಊಹಿಸಿದವರು ಇಡೀ ಸಂಘದ ಲೆಕ್ಕವನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಂದು ಹಂತ ಮೇಲೆ, ಬೇರೆ ಫೋಲ್ಡರ್ ಮಾಡಿ. ಬರೆಯುವ ಅನುಮತಿ ಫೈಲಿಗೆ ಮಾತ್ರ ಕೊಟ್ಟರೆ ಸಾಲದು, ಫೋಲ್ಡರ್‌ಗೂ ಬೇಕು, ಪಕ್ಕದ ಜರ್ನಲ್ ಫೈಲ್ ಹುಟ್ಟುವುದು ಅಲ್ಲೇ. ರೀಡ್‌ಓನ್ಲಿ ಡೇಟಾಬೇಸ್ ಎಂಬ ಎರರ್ ಬಂದು ಫೈಲಿನ ಅನುಮತಿ ಸರಿಯಿದ್ದರೆ ಕಾರಣ ಬಹುಪಾಲು ಇದೇ. ನೆಟ್‌ವರ್ಕ್ ಡ್ರೈವ್‌ನಲ್ಲಿ ವಾಲ್ ಕೆಲಸ ಮಾಡದು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಸಿಂಕ್ ಆಗುವ ಫೋಲ್ಡರ್‌ನಲ್ಲಿ ಇಡಬೇಡಿ. ಮುಖ್ಯ ಫೈಲ್ ಒಂದು ಹೊತ್ತಿನದು, ವಾಲ್ ಫೈಲ್ ಇನ್ನೊಂದು ಹೊತ್ತಿನದು ಆಗಿ ಎರಡೂ ಹೊಂದದೇ ಹೋಗುತ್ತವೆ. ಆ್ಯಪ್‌ನ ಹೊಸ ಆವೃತ್ತಿ ಏರಿಸಿದಾಗಲೆಲ್ಲ ಡಿಸ್ಕ್ ಖಾಲಿಯಾಗುವ ಉಚಿತ ಹೋಸ್ಟಿಂಗ್ ಈ ಕೆಲಸಕ್ಕೆ ಆಗದು, ಸಣ್ಣ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ತೆಗೆದುಕೊಳ್ಳಿ.

ಆ್ಯಪ್ ಓಡುತ್ತಿರುವಾಗ ಮುಖ್ಯ ಫೈಲನ್ನು ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ, ವಾಲ್‌ನಲ್ಲಿರುವ ನಮೂದುಗಳು ಅದರಲ್ಲಿ ಇರುವುದಿಲ್ಲ. ವ್ಯಾಕ್ಯೂಮ್ ಇನ್‌ಟು ಎಂದು ಹೊಸ ಫೈಲಿನ ಹೆಸರು ಕೊಡಿ, ಇಲ್ಲವೇ ಕಮಾಂಡ್‌ಲೈನ್‌ನಲ್ಲಿ ಡಾಟ್ ಬ್ಯಾಕಪ್ ಬಳಸಿ. ಎರಡೂ ಆ್ಯಪ್ ನಿಲ್ಲಿಸದೆ ಪೂರ್ತಿ ಪ್ರತಿ ಕೊಡುತ್ತವೆ. ವ್ಯಾಕ್ಯೂಮ್ ಇನ್‌ಟುಗೆ 2019ರ 3.27.0 ಅಥವಾ ನಂತರದ ಆವೃತ್ತಿ ಬೇಕು, ಆ ಹೆಸರಿನ ಫೈಲ್ ಮೊದಲೇ ಇರಬಾರದು. ಹೆಸರಿನಲ್ಲಿ ತಾರೀಕು, ಹೊತ್ತು ಎರಡನ್ನೂ ಸೇರಿಸಿದರೆ ಹೆಸರು ಮರುಕಳಿಸದು, ಯಾವಾಗಿನ ಪ್ರತಿ ಎಂಬುದೂ ತಿಳಿಯುತ್ತದೆ. ಬೆಳಗಿನ ಹಾಲು ಮುಗಿದ ಮೇಲೊಮ್ಮೆ, ಸಂಜೆಯ ಹಾಲು ಮುಗಿದ ಮೇಲೊಮ್ಮೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ತಾನೇ ಓಡಿಸುವ ಸೌಲಭ್ಯ) ಓಡಿಸಿ ಬೇರೆ ಯಂತ್ರಕ್ಕೆ ಕಳಿಸಿ. ಅಲ್ಲಿ ಪ್ರತಿಯ ಮೇಲೆ ಪ್ರಾಗ್ಮಾ ಇಂಟೆಗ್ರಿಟಿ ಚೆಕ್ ಓಡಿಸಿ, ಓಕೆ ಬಂದ ಮೇಲೆ ಆ ದಿನದ ಒಟ್ಟು ಮಿಲಿಲೀಟರ್ ಕೂಡಿ ಡೈರಿಯ ದಿನವಹಿಯ ಜೊತೆ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಗೊತ್ತಾಗುವುದು ಬೇಕಾದ ದಿನವೇ.

ಟೇಬಲ್ ವಿನ್ಯಾಸ ಬದಲಾಗುತ್ತಾ ಹೋದಾಗ ಯಾವ ಹಂತದಲ್ಲಿದ್ದೇವೆ ಎಂದು ಗುರುತಿಡಲು ಪ್ರಾಗ್ಮಾ ಯೂಸರ್ ವರ್ಷನ್ ಇದೆ, ಫೈಲಿನ ತಲೆಯಲ್ಲೇ ಒಂದು ಪೂರ್ಣಾಂಕ. ಆ್ಯಪ್ ಶುರುವಾಗುವಾಗ ಅದನ್ನು ಓದಿ, 3 ಇದ್ದರೆ 4ನೇ ಬದಲಾವಣೆ ಮಾಡಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ 4 ಎಂದು ಬರೆಯಲಿ.

ಒಂದು ಸಂಘದಿಂದ ತಾಲ್ಲೂಕಿನ ಹಲವು ಸಂಘಗಳಿಗೆ ಬೆಳೆದರೂ ಸಂಘಕ್ಕೊಂದು ಫೈಲ್ ಎಂಬ ಕ್ರಮ ಬಹಳ ದೂರ ಸಾಗುತ್ತದೆ. ಒಬ್ಬರ ಬರಹ ಇನ್ನೊಬ್ಬರನ್ನು ಕಾಯಿಸುವುದಿಲ್ಲ, ಒಂದು ಸಂಘದ ಲೆಕ್ಕ ಬೇಕೆಂದರೆ ಆ ಫೈಲನ್ನೇ ಕೊಡಬಹುದು. ಹಲವು ಯಂತ್ರಗಳಿಂದ ಒಂದೇ ಡೇಟಾಗೆ ಬರೆಯುವ ಅಗತ್ಯ ಬಂದಾಗ ಸರ್ವರ್ ಮಾದರಿಯ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಹೋಗಬೇಕು. ಸ್ಟ್ರಿಕ್ಟ್ ಟೇಬಲ್, ಪೈಸೆಯ ಪೂರ್ಣಾಂಕ, ವರ್ಷ-ತಿಂಗಳು-ದಿನದ ತಾರೀಕು ಇದ್ದರೆ ಸಾಲುಗಳು ಇದ್ದ ಹಾಗೇ ಆಚೆಗೆ ದಾಟುತ್ತವೆ. ಹೌದು-ಅಲ್ಲ ಎಂಬುದಕ್ಕೆ 1, 0 ಇಟ್ಟ ಕಾಲಂಗಳನ್ನು ಮಾತ್ರ ಬೂಲಿಯನ್‌ಗೆ ತಿರುಗಿಸಬೇಕು, ಮತ್ತು ಐಡಿ ಎಣಿಕೆ ಎಲ್ಲಿಗೆ ನಿಂತಿದೆ ಎಂದು ನೋಡಿ ಅಲ್ಲಿನ ಸೀಕ್ವೆನ್ಸನ್ನು ಅದರ ಮುಂದಿನ ನಂಬರಿಗೆ ಹೊಂದಿಸಬೇಕು.